"ಕಠಿಣ ಕಾನೂನು ತನ್ನಿ" ಎಂಬ ಮನವಿ ಎಲ್ಲಿ ನಿಲ್ಲುತ್ತದೆ

ದುಗ್ಗಮ್ಮನ ಜಾತ್ರೆ ಹತ್ತಿರವಾದಾಗ ಅಥವಾ ಹೊನ್ನಾಳಿ ಕಡೆ ಹೋರಿ ಬೆದರಿಸುವ ಸ್ಪರ್ಧೆ ಶುರುವಾದಾಗ ದಾವಣಗೆರೆಯ ವಕೀಲರ ಮೇಜಿಗೆ ಒಂದೇ ಬಗೆಯ ಕಾಗದ ಬರುತ್ತದೆ. "ಪ್ರಾಣಿಹಿಂಸೆ ತಡೆಯಲು ಕಠಿಣ ಕಾನೂನು ತರಬೇಕೆಂದು ಮಾನ್ಯ ಶಾಸಕರಲ್ಲಿ ವಿನಂತಿ." ಕೆಳಗೆ ಸಾಲುಸಾಲು ಸಹಿ. ತಂದವರು ಒಳ್ಳೆಯವರು. ಬೀದಿನಾಯಿಗೆ ಅನ್ನ ಹಾಕುವವರು, ಕಾಲು ಮುರಿದ ಕರುವನ್ನು ಆಟೋದಲ್ಲಿ ಪಶು ಆಸ್ಪತ್ರೆಗೆ ಸಾಗಿಸುವವರು. ಆದರೆ ಆ ಕಾಗದ ಹಿಡಿದು ಶಾಸಕರು ಏನೂ ಮಾಡಲಾರರು. ಯಾವ ಕಾಯ್ದೆ, ಎಷ್ಟನೇ ಕಲಂ, ಯಾವ ಪದ ಬದಲಾಗಬೇಕು ಎಂಬುದು ಅದರಲ್ಲಿ ಇರುವುದೇ ಇಲ್ಲ.

ಹಿಂಸೆ ಮಾಡಿದವನಿಗೆ ದಂಡ ಬರೀ ಐವತ್ತು ರೂಪಾಯಿ ಎಂದು ಎಲ್ಲರೂ ಎತ್ತುವ ಮಾತನ್ನೇ ನೋಡಿ. ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ. ಮೊದಲ ತಪ್ಪಿಗೆ 10ರಿಂದ 50 ರೂಪಾಯಿ, ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಾಚಿಕೆಯ ಮೊತ್ತ, ನಿಜ. ಆದರೆ ಅದು ಸಂಸತ್ತು ಮಾಡಿದ ಕಾಯ್ದೆ. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯವಾದ್ದರಿಂದ ವಿಧಾನಸೌಧವೂ ತಿದ್ದಬಹುದು, ಆದರೆ ಕೇಂದ್ರ ಕಾಯ್ದೆಗೆ ವಿರುದ್ಧವಾಗಿ ತಿದ್ದಿದರೆ ಸಂವಿಧಾನದ 254(2)ನೇ ವಿಧಿಯಂತೆ ರಾಷ್ಟ್ರಪತಿಯ ಒಪ್ಪಿಗೆ ಬೇಕು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, ಐದು ವರ್ಷದವರೆಗೆ ಶಿಕ್ಷೆ. ದೂರಿನಲ್ಲಿ ಇದನ್ನು ಬರೆಸದೆ ಹೊಸ ಕಾನೂನು ಕೇಳುತ್ತಾ ಕೂತರೆ ಸತ್ತ ನಾಯಿಗೆ ನ್ಯಾಯ ಸಿಗುವುದಿಲ್ಲ.

ಈಗ ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಸಂಗತಿಗೆ ಬರುತ್ತೇನೆ. ಕಾಯ್ದೆಯ ಬಲ ಅದರ ಹೆಸರಿನಲ್ಲಿಲ್ಲ, ವ್ಯಾಖ್ಯೆಯ ಬಾಲದಲ್ಲಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳ ವಿರುದ್ಧ ತೀರ್ಪು ಕೊಟ್ಟಿತು. 2017ರಲ್ಲಿ ನಮ್ಮ ರಾಜ್ಯ ಕಂಬಳ ಉಳಿಸಲು ಅದೇ 1960ರ ಕಾಯ್ದೆಗೆ ಮೊದಲು ಅಧ್ಯಾದೇಶ (ಸುಗ್ರೀವಾಜ್ಞೆ), ಆಮೇಲೆ ಎರಡನೇ ತಿದ್ದುಪಡಿ ವಿಧೇಯಕ ತಂದಿತು. ರಾಷ್ಟ್ರಪತಿಯ ಒಪ್ಪಿಗೆಯೂ ಸಿಕ್ಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳದ ಕಾಯ್ದೆ, ನಮಗೇನು ಎಂದು ಬಯಲುಸೀಮೆಯವರು ಸುಮ್ಮನಾದರು. ಆದರೆ ಅದರಲ್ಲಿ ಹೋರಿಗಳ ಓಟವೂ ಇದೆ, ಎತ್ತಿನ ಗಾಡಿ ಓಟವೂ ಇದೆ, ನೊಗಕ್ಕೆ ಕಟ್ಟಿರಲಿ ಬಿಟ್ಟಿರಲಿ, ಯಾವ ಹೆಸರಿನಿಂದ ಕರೆದರೂ ಸರಿ. ಅಷ್ಟಕ್ಕೇ ವಾಕ್ಯ ಮುಗಿಯುವುದಿಲ್ಲ. ರಾಜ್ಯ ಸರ್ಕಾರ ಅಧಿಸೂಚಿಸುವ ದಿನ ಮತ್ತು ಸ್ಥಳಗಳಲ್ಲಿ ನಡೆಯುವಂಥದ್ದು ಎಂಬ ಬಾಲವಿದೆ. ಹೊಣೆ ಹೊತ್ತವರು ಪ್ರಾಣಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತೂ ಇದೆ.

ಸ್ಪರ್ಧೆ ಏರ್ಪಡಿಸುವವರು "ಕೋರ್ಟೇ ಒಪ್ಪಿದೆ" ಎನ್ನುತ್ತಾರೆ, ವಿರೋಧಿಸುವವರು "ಕಾನೂನೇ ಇಲ್ಲ" ಎನ್ನುತ್ತಾರೆ. ನಮ್ಮೂರ ಕಣ, ಈ ದಿನಾಂಕ ಅಧಿಸೂಚನೆಯಲ್ಲಿದೆಯೇ ಎಂದು ಇಬ್ಬರೂ ಕೇಳುವುದಿಲ್ಲ. ಹೋರಿ ಬೆದರಿಸುವುದು "ಓಟ" ಎಂಬ ಪದದೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಆಯಾ ಸ್ಪರ್ಧೆಯ ಸ್ವರೂಪ ನೋಡದೆ ಹೇಳಲಾಗದು.

ಪದ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 1959ರ ಪ್ರಾಣಿಬಲಿ ತಡೆ ಕಾಯ್ದೆಯೂ ಒಂದು ಉದಾಹರಣೆ. ಗುಡಿಯೊಳಗೆ ಮಾತ್ರ ನಿಷೇಧ, ಬೀದಿಯಲ್ಲಿ ಕಡಿದರೆ ತಪ್ಪಲ್ಲ ಎಂದು ವಾದಿಸುವವರಿದ್ದಾರೆ. 3ನೇ ಕಲಂ ಓದಿ: ಸಾರ್ವಜನಿಕ ಪೂಜಾಸ್ಥಳ, ಅದರ ಆವರಣ, ಸಾರ್ವಜನಿಕ ಬೀದಿಯಲ್ಲಿ ಪೂಜೆಗೆ ಸಂಬಂಧಿಸಿದ ಸಭೆ ಅಥವಾ ಮೆರವಣಿಗೆ, ಎಲ್ಲವೂ ಅದರಲ್ಲಿ ಸೇರಿವೆ.

ಲಾರಿಯಲ್ಲಿ ದನ ತುಂಬುವ ವಿಷಯದಲ್ಲಂತೂ ಬಾಗಿಲೇ ಬೇರೆ. ಸಾಮಾನ್ಯ ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನ ಇರಕೂಡದು ಎಂಬುದು 1978ರ ಪ್ರಾಣಿ ಸಾಗಣೆ ನಿಯಮ, ಕೇಂದ್ರ ಸರ್ಕಾರ ಮಾಡಿದ್ದು. ಆ ಸಂಖ್ಯೆಯನ್ನು ಬದಲಿಸಿ ಎಂದು ಚಳ್ಳಕೆರೆಯ ಶಾಸಕರ ಮನೆ ಮುಂದೆ ಕೂತರೆ ಫಲವಿಲ್ಲ. ಜಾರಿಯಾಗುತ್ತಿಲ್ಲವೆಂದರೆ ಅದು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಲಿ, ಅಂದರೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ: ಈ ವರ್ಷ ಚಿತ್ರದುರ್ಗ ಜಿಲ್ಲೆಯಲ್ಲಿ ಎಷ್ಟು ಪ್ರಕರಣ, ಎಷ್ಟರಲ್ಲಿ ಶಿಕ್ಷೆ? ಸಚಿವರು "ಕ್ರಮ ಕೈಗೊಳ್ಳುತ್ತೇವೆ" ಎಂದರೆ ಆ ಮಾತು ಸರ್ಕಾರಿ ಭರವಸೆಗಳ ಸಮಿತಿಯ ಕಡತ ಸೇರಬಹುದು.

ಸಮಿತಿಗಳ ಕಡೆ ನಮ್ಮವರು ತಿರುಗಿಯೂ ನೋಡುವುದಿಲ್ಲ. ವಿಧೇಯಕವನ್ನು ಎರಡೂ ಸದನಗಳ ಸದಸ್ಯರಿರುವ ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಿದರೆ ಪದ ತಿದ್ದಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾಯ್ದೆಯಾದ ಮೇಲೆ ಬರುವ ನಿಯಮಗಳನ್ನು ಅಧೀನ ಶಾಸನ ರಚನಾ ಸಮಿತಿ ನೋಡುತ್ತದೆ. ಕಾಯ್ದೆ ಕೊಟ್ಟ ಅಧಿಕಾರವನ್ನು ನಿಯಮ ಮೀರಿದೆಯೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ವಿಧಾನ ಪರಿಷತ್ ಸದಸ್ಯರನ್ನೂ ಮರೆಯಬೇಡಿ. ಜಾನುವಾರು ಹತ್ಯೆ ತಡೆ ವಿಧೇಯಕ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾದರೂ ಪರಿಷತ್ತಿನ ಒಪ್ಪಿಗೆ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ, ನಡುವೆ ಅಧ್ಯಾದೇಶವೇ ಬೇಕಾಯಿತು.

ಹಾಗಾಗಿ ಮನವಿ ಒಂದೇ ಪುಟ ಇರಲಿ. ಮೇಲೆ ಕಾಯ್ದೆಯ ಹೆಸರು, ವರ್ಷ, ಕಲಂ. ಎಡಕ್ಕೆ ಈಗಿರುವ ಪದಗಳು, ಬಲಕ್ಕೆ ನಿಮಗೆ ಬೇಕಾದ ಪದಗಳು. ಕೆಳಗೆ ದಿನಾಂಕ, ಠಾಣೆ ಮತ್ತು ಎಫ್‌ಐಆರ್ ಸಂಖ್ಯೆ ಸಮೇತ ಎರಡು ಮೂರು ನಿಜ ಪ್ರಕರಣ. ಪಶುವೈದ್ಯರ ಪ್ರಮಾಣಪತ್ರವಿದ್ದರೆ ಲಗತ್ತಿಸಿ. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಿದ್ದರೆ ಆಕ್ಷೇಪಣೆಗೆ ಎಷ್ಟು ದಿನ ಎಂಬುದು ಅದರಲ್ಲೇ ಅಚ್ಚಾಗಿರುತ್ತದೆ. ಆ ದಿನ ದಾಟುವ ಮೊದಲು ಅಲ್ಲಿ ಹೇಳಿದ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.