ಹಳೆಯ ಎಂಜಿಬಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಬೇಕಾ?

ಓದುಗರ ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಆಸೆಪಟ್ಟು 1966ರ ಎಂಜಿಬಿ (ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು) ತಗೊಂಡಿದ್ದೇನೆ. ಓಡುವಾಗ ಏನೂ ತೊಂದರೆ ಇಲ್ಲ. ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಮಾತ್ರ ಟೆಂಪರೇಚರ್ ಸೂಜಿ ಮೇಲೇರುತ್ತದೆ. ತಾನಾಗಿಯೇ ಶುರುವಾಗುವ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೆ ಸರಿಹೋಗುತ್ತಾ? ಹಳೇ ಕಾರಿನ ಮೂಲ ರೂಪ ಕೆಡಿಸಿದ ಹಾಗೆ ಆಗುತ್ತಾ?

ಉತ್ತರ: ಹಾಕಿಸಿ. ನೀವು ಹೇಳುತ್ತಿರುವ ಕಾಯಿಲೆಗೆ ಇದೇ ಮದ್ದು. ನಿಮ್ಮ ಪ್ರಶ್ನೆಯಲ್ಲೇ ಒಂದು ಮುಖ್ಯವಾದ ಮಾತಿದೆ. ಓಡುವಾಗ ತೊಂದರೆ ಇಲ್ಲ, ನಿಂತಾಗ ಮಾತ್ರ ಬಿಸಿ ಅಂದಿದ್ದೀರಿ. ಇದು ತಿರುವುಮುರುವಾಗಿದ್ದರೆ, ಅಂದರೆ ಹೈವೇಯಲ್ಲಿ ಹೋಗುವಾಗಲೇ ಬಿಸಿ ಏರುತ್ತಿದ್ದರೆ, ನಾನು ಬೇಡ ಅನ್ನುತ್ತಿದ್ದೆ. ಗಂಟೆಗೆ 60 ಮೈಲಿಯಲ್ಲಿ ಹೋಗುವ ಕಾರಿಗೆ ಮುಂದಿನಿಂದ ನುಗ್ಗುವ ಗಾಳಿಯೇ ಸಾಕು. ಅದೂ ಸಾಲದು ಅಂದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಇಲ್ಲವೇ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆ, ಇಲ್ಲವೇ ಬ್ಲಾಕಿನೊಳಗೆ ಐವತ್ತು ವರ್ಷದ ತುಕ್ಕು ಕೆಸರಾಗಿ ಕೂತಿದೆ. ಯಾವ ಫ್ಯಾನೂ ಅದನ್ನು ಸರಿಮಾಡುವುದಿಲ್ಲ.

ಈಗಿರುವ ಫ್ಯಾನ್ ನೋಡಿ. ಅದು ವಾಟರ್ ಪಂಪಿನ ಮೂತಿಯ ಮೇಲೆ ಕೂತು, ಬೆಲ್ಟಿನಿಂದ ಎಂಜಿನ್ ಜೊತೆಗೇ ತಿರುಗುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಫ್ಯಾನೂ ನಿಧಾನ. ಗಾಳಿ ಬೇಕಾಗಿರುವುದೇ ಆಗ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಫ್ಯಾನ್ ಭರ್ರನೆ ತಿರುಗುತ್ತದೆ. ಆಗ ಅದು ಬೇಕಾಗಿಯೇ ಇಲ್ಲ. ಜೊತೆಗೆ ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಎಂಜಿನ್ನಿನಿಂದ ಎಳೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. ಆ ಗದ್ದಲ, ಆ ಶಕ್ತಿ ಎಲ್ಲ ಸುಮ್ನೆ ದಂಡ. ಹಾಗಂತ ಫ್ಯಾನ್ ಬದಲಿಸಿದರೆ ಕಾರು ಹಾರುತ್ತದೆ ಅಂದುಕೊಳ್ಳಬೇಡಿ. ಸ್ವಲ್ಪ ಶಕ್ತಿ ಉಳಿಯುತ್ತದೆ, ಕಾರು ಮೊದಲಿಗಿಂತ ಶಾಂತವಾಗುತ್ತದೆ, ಚಳಿಯಲ್ಲಿ ಬೇಗ ಬಿಸಿಯಾಗುತ್ತದೆ. ನಿಮಗೆ ಬೇಕಾಗಿರುವುದು ನಿಂತಾಗಿನ ಗಾಳಿ, ಅದು ಸಿಗುತ್ತದೆ.

ನಮ್ಮೂರಿನವರಿಗೆ ಈ ಕಥೆ ಹೊಸದಲ್ಲ. ತುಂಬಿದ ಅಂಬಾಸಿಡರ್ ಚಾರ್ಮಾಡಿ ಘಾಟಿ ಹತ್ತುವಾಗ ಬಾನೆಟ್ಟಿನಿಂದ ಹಬೆ ಏಳುತ್ತಿದ್ದುದು, ಡ್ರೈವರ್ ಕ್ಯಾನ್ ಹಿಡಿದು ಝರಿಯ ಕಡೆ ಹೋಗುತ್ತಿದ್ದುದು ಎಷ್ಟೋ ಜನರಿಗೆ ನೆನಪಿರಬಹುದು. ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನೂ ನಿಮ್ಮ ಎಂಜಿಬಿಯ 1798 ಸಿಸಿ ಎಂಜಿನ್ನೂ ದಾಯಾದಿಗಳು. ಎರಡೂ ಬಿಎಂಸಿ ಎಂಬ ಬ್ರಿಟಿಷ್ ಕಾರು ಕಂಪನಿಯ ಬಿ-ಸರಣಿಯವು. ಅಲ್ಲೂ ಇದೇ ಬೆಲ್ಟ್ ಫ್ಯಾನ್. ನಿಧಾನದ ವೇಗ, ಜಾಸ್ತಿ ಭಾರ, ಕಡಿಮೆ ಗಾಳಿ. ನಿಮ್ಮ ಟ್ರಾಫಿಕ್‌ನಲ್ಲಿ ಭಾರ ಇಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಮೂಲ ರೂಪದ ಚಿಂತೆ ನನಗೂ ಇತ್ತು. ಆದರೆ ಇತಿಹಾಸ ನಿಮ್ಮ ಪರವಾಗಿಯೇ ಇದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ಗೆ ಮೊದಲ ದಿನದಿಂದಲೇ ಎಲೆಕ್ಟ್ರಿಕ್ ಫ್ಯಾನ್ ಇತ್ತು. ಎಂಜಿ ಕಂಪನಿಯೇ 1973ರ ಎಂಜಿಬಿ ಜಿಟಿ ವಿ8 ಕಾರಿಗೆ ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿತು. 1977ರ ಮಾದರಿಯ ಹೊತ್ತಿಗೆ ನಾಲ್ಕು ಸಿಲಿಂಡರಿನ ಎಂಜಿಬಿಗೂ ಎಲೆಕ್ಟ್ರಿಕ್ ಫ್ಯಾನ್ ಬಂತು. 1980ರಲ್ಲಿ ಎಂಜಿಯ ಆಬಿಂಗ್ಡನ್ ಕಾರ್ಖಾನೆ ನಿಲ್ಲುವವರೆಗೂ ಹಾಗೇ ನಡೆಯಿತು. ನೀವು ಮಾಡಹೊರಟಿರುವುದನ್ನು ಕಾರು ಕಟ್ಟಿದವರೇ ಮಾಡಿದ್ದಾರೆ. ಒಂದೇ ಒಂದು ಮಾತು: ಕಾರಿನಲ್ಲಿ ಹೊಸ ತೂತು ಕೊರೆಯಬೇಡಿ. ಹಳೇ ಫ್ಯಾನು, ಅದರ ಬೋಲ್ಟು, ವಾಷರು ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಮುಂದೆ ಯಾರಿಗಾದರೂ ಮೊದಲಿನಂತೆ ಮಾಡಬೇಕು ಅನ್ನಿಸಿದರೆ ಒಂದು ಮಧ್ಯಾಹ್ನದ ಕೆಲಸವಾಗಬೇಕು.

ಫ್ಯಾನ್ ಕೊಳ್ಳುವ ಮೊದಲು ಒಂದು ದಿನ ಕೂಲಿಂಗ್ ಪರೀಕ್ಷೆಗೆ ಕೊಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ನೋಡಿ. ಒತ್ತಡ ನಿಲ್ಲದಿದ್ದರೆ ನೀರು 100 ಡಿಗ್ರಿಗೇ ಕುದಿಯುತ್ತದೆ. 10 ಪಿಎಸ್‌ಐ ಒತ್ತಡ ಹಿಡಿಯುವ ಮುಚ್ಚಳವಿದ್ದರೆ 115 ಡಿಗ್ರಿವರೆಗೂ ಕುದಿಯುವುದಿಲ್ಲ. ಎಂಜಿನ್ ಬಿಸಿ ಇರುವಾಗ ಆ ಮುಚ್ಚಳ ಮಾತ್ರ ತೆಗೆಯಲೇಬೇಡಿ. ಕಾರು ಓಡಿಸಿ ಬಂದು ಎಂಜಿನ್ ಆಫ್ ಮಾಡಿ ರೇಡಿಯೇಟರಿನ ಮೇಲೆ ಅಲ್ಲಲ್ಲಿ ಹುಷಾರಾಗಿ ಕೈ ಹತ್ತಿರ ಹಿಡಿಯಿರಿ. ಒಂದು ಮೂಲೆ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ ಅಂತ ಅರ್ಥ. ಅಂಥದ್ದಕ್ಕೆ ರೀ-ಕೋರ್ ಮಾಡಿಸಬೇಕು, ಅಂದರೆ ಒಳಗಿನ ಜಾಲರಿ ಹೊಸದು ಹಾಕಿಸಬೇಕು. ಟೈಮಿಂಗ್ ಕೂಡ ನೋಡಿಸಿ. ಇವೆಲ್ಲ ಸರಿ ಇದ್ದರೆ ಮುಂದಕ್ಕೆ ಹೋಗೋಣ.

ಎಲ್ಲಿ ಕೂರಿಸುವುದು? ನಿಮ್ಮ ಕಾಲದ ಎಂಜಿಬಿಯಲ್ಲಿ ರೇಡಿಯೇಟರ್ ಎಂಜಿನ್ನಿಗೆ ಹತ್ತಿರ ಇದೆ. ಹಿಂದೆ ಜಾಗ ಕಡಿಮೆ, ಮುಂದೆ ಬೇಕಾದಷ್ಟಿದೆ. ಹಾಗಾಗಿ ಮುಂದಿನಿಂದ ಗಾಳಿ ತಳ್ಳುವ ಫ್ಯಾನೇ ಸರಿ. ಹಿಂದಿನಿಂದ ಎಳೆಯುವ ಫ್ಯಾನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಜಾಗವೇ ಇಲ್ಲವಲ್ಲ. ತಳ್ಳುವುದಕ್ಕೂ ಎಳೆಯುವುದಕ್ಕೂ ರೆಕ್ಕೆಯ ಬಾಗು ಬೇರೆ. ಕೊಳ್ಳುವಾಗಲೇ ಕೇಳಿ ತಗೊಳ್ಳಿ.

ರೇಡಿಯೇಟರಿನ ಜಾಲರಿಯೊಳಗೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಫ್ಯಾನ್ ಬಿಗಿಯುವ ಪದ್ಧತಿ ಒಂದಿದೆ. ಐದು ನಿಮಿಷದ ಕೆಲಸ. ದಯವಿಟ್ಟು ಅದನ್ನು ಮಾಡಬೇಡಿ. ನನ್ನ ಕಾರಿಗೂ ಮೊದಲು ಹಾಗೆಯೇ ಹಾಕಿದ್ದೆ. ಎರಡನೇ ಬೇಸಿಗೆಗೆ ಜಾಲರಿಯ ನಡುವೆ ಹಸಿರು ಕಲೆ ಕಾಣಿಸಿತು. ಫ್ಯಾನಿನ ನಡುಕಕ್ಕೆ ಕಡ್ಡಿ ತಿಕ್ಕಿ ತಿಕ್ಕಿ ತಾಮ್ರ ಹಿತ್ತಾಳೆಯ ಕೊಳವೆ ಸವೆದು ಕೂಲಂಟ್ ಜಿನುಗುತ್ತಿತ್ತು. ರೇಡಿಯೇಟರನ್ನೇ ಬಿಚ್ಚಿ ರಿಪೇರಿಗೆ ಕೊಡಬೇಕಾಯಿತು, ತುಂಬಾ ಬೇಜಾರಾಯಿತು. ಆಮೇಲೆ ಎರಡು ಚಪ್ಪಟೆ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ, ರೇಡಿಯೇಟರ್ ಹಿಡಿದಿರುವ ಬೋಲ್ಟುಗಳಿಗೇ ಕಟ್ಟಿ, ನಡುವೆ ರಬ್ಬರ್ ಇಟ್ಟು ಫ್ಯಾನ್ ಕೂರಿಸಿದೆ. ಇವತ್ತಿಗೂ ಅಲ್ಲಾಡಿಲ್ಲ.

ಇನ್ನು 'ತಾನಾಗಿಯೇ' ಅನ್ನುವ ವಿಷಯ. ಅದನ್ನು ಮಾಡುವುದು ಒಂದು ಸಣ್ಣ ಥರ್ಮೋ ಸ್ವಿಚ್. ನೀರಿನ ಬಿಸಿ ಇಷ್ಟಕ್ಕೆ ಬಂದಾಗ ಸೇರಿಕೊಳ್ಳುತ್ತದೆ, ಇಷ್ಟಕ್ಕೆ ಇಳಿದಾಗ ಬಿಡುತ್ತದೆ. ಎಂಜಿನ್ನಿನ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟ) ಬೇರೆ, ಈ ಸ್ವಿಚ್ ಬೇರೆ. ತುಂಬ ಜನ ಇಲ್ಲೇ ತಪ್ಪುತ್ತಾರೆ. ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆದುಕೊಳ್ಳುವುದಾದರೆ, ಎಂಜಿನ್ ಆರೋಗ್ಯವಾಗಿ ಓಡುವುದೇ 82ರ ಮೇಲೆ. ಫ್ಯಾನ್ ಸ್ವಿಚ್ಚನ್ನು 80ಕ್ಕೋ 85ಕ್ಕೋ ಇಟ್ಟರೆ ಫ್ಯಾನ್ ನಿಲ್ಲುವುದೇ ಇಲ್ಲ. ಮೇಲಿನ ಹೋಸಿನಲ್ಲಿ ಸ್ವಿಚ್ ಇಡುವುದಾದರೆ 92ಕ್ಕೆ ಶುರುವಾಗಿ 87ಕ್ಕೆ ನಿಲ್ಲುವಂಥದ್ದು ತಗೊಳ್ಳಿ. ಕೆಳಗಿನ ಹೋಸಿನಲ್ಲಿ ಇಟ್ಟರೆ ಅಲ್ಲಿಗೆ ಬರುವುದು ರೇಡಿಯೇಟರಿನಲ್ಲಿ ತಣಿದ ನೀರು, ಆಗ ಕಡಿಮೆ ಡಿಗ್ರಿಯದು ಬೇಕು. ಎರಡೂ ನಡೆಯುತ್ತದೆ. ನನಗೆ ಮೇಲಿನದೇ ಇಷ್ಟ. ಎಂಜಿನ್ನಿನಿಂದ ನೇರವಾಗಿ ಬರುವ ನೀರಿನ ಸುದ್ದಿ ಅಲ್ಲಿ ಸಿಗುತ್ತದೆ.

ಹೋಸನ್ನು ಕತ್ತರಿಸಿ ನಡುವೆ ಸೇರಿಸುವ ಅಲ್ಯೂಮಿನಿಯಂ ತುಂಡು ಸಿಗುತ್ತದೆ. ಸ್ವಿಚ್ಚನ್ನು ಅದಕ್ಕೆ ತಿರುಗಿಸಿ ಹಾಕುವುದು. ಎರಡು ಪಿನ್ನಿನ ಸ್ವಿಚ್ಚೇ ಕೇಳಿ. ಒಂದೇ ಪಿನ್ನಿನ ಸ್ವಿಚ್ ತನ್ನ ಮೈಯಿಂದಲೇ ಅರ್ಥ್ (ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಸೇರುವ ಕರೆಂಟಿನ ದಾರಿ) ತಗೊಳ್ಳುತ್ತದೆ. ಆ ತುಂಡಿನ ಎರಡೂ ಕಡೆ ರಬ್ಬರ್ ಹೋಸ್ ಇರುವುದರಿಂದ ಅದಕ್ಕೆ ಅರ್ಥ್ ಸಿಗುವುದೇ ಇಲ್ಲ. ಎಲ್ಲ ಸರಿಯಾಗಿ ಜೋಡಿಸಿದರೂ ಫ್ಯಾನ್ ಯಾಕೆ ತಿರುಗುತ್ತಿಲ್ಲ ಅಂತ ಇಡೀ ದಿನ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಈಗ ವೈರಿಂಗ್. ನಿಮ್ಮ 1966ರ ಕಾರಿನಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ಇಲ್ಲಿ. ಆ ಕಾಲದ ಎಂಜಿಬಿ ಪಾಸಿಟಿವ್ ಅರ್ಥ್. ಬ್ಯಾಟರಿಯ ಪ್ಲಸ್ ಕಾರಿನ ಲೋಹದ ಮೈಗೆ ಸೇರಿರುತ್ತದೆ. 1967ರ ಕೊನೆಯಲ್ಲಿ ಎರಡನೇ ಮಾದರಿ ಬಂದಾಗ ಅದು ನೆಗೆಟಿವ್ ಆಯಿತು, ಜೊತೆಗೆ ಆಲ್ಟರ್ನೇಟರೂ ಬಂತು. ಹಿಂದಿನ ಯಜಮಾನರು ಯಾರಾದರೂ ಬದಲಿಸಿರಲೂಬಹುದು. ಸೀಟಿನ ಹಿಂದಿರುವ ಬ್ಯಾಟರಿಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಪಾಸಿಟಿವ್ ಅರ್ಥ್ ಆಗಿಯೇ ಇದ್ದರೆ ಹೆದರಬೇಕಿಲ್ಲ. ಫ್ಯಾನ್ ಮೋಟರಿನ ಎರಡು ವೈರನ್ನು ಅದಲುಬದಲು ಮಾಡಿದರಾಯಿತು. ಮಾಡದಿದ್ದರೆ ಫ್ಯಾನ್ ಉಲ್ಟಾ ತಿರುಗಿ ಬರುವ ಗಾಳಿಯನ್ನೇ ಆಚೆ ನೂಕುತ್ತದೆ. ರೇಡಿಯೇಟರಿನ ಹಿಂಬದಿಗೆ, ಅಂದರೆ ಎಂಜಿನ್ ಕಡೆಗೆ, ಒಂದು ಕಾಗದದ ಚೂರು ಹಿಡಿದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯುತ್ತದೆ. ಸಾದಾ ಥರ್ಮೋ ಸ್ವಿಚ್ಚಿಗೂ ಸಾದಾ ರಿಲೇಗೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಪ್ಲಸ್ ಮೈನಸ್ ಭೇದವಿಲ್ಲ. ಒಳಗೆ ಡಯೋಡ್ ಇರುವ ರಿಲೇ, ಡಿಜಿಟಲ್ ಕಂಟ್ರೋಲರ್ ಮಾತ್ರ ತರಬೇಡಿ, ಸುಟ್ಟುಹೋಗಬಹುದು.

ರಿಲೇ ಬೇಕೇ ಬೇಕು. ಫ್ಯಾನ್ ಸುಮಾರು 8ರಿಂದ 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಅಷ್ಟನ್ನು ಹಳೇ ಇಗ್ನಿಷನ್ ಸ್ವಿಚ್ಚಿನ ಮೂಲಕ ಹರಿಸಬಾರದು. ಈ ಕಾರಿನ ಲ್ಯೂಕಸ್ ಕಂಪನಿಯ ವೈರಿಂಗಿನಲ್ಲಿ ಕಂದು ವೈರು ಸದಾ ಜೀವಂತ, ಹಸಿರು ವೈರು ಕೀ ತಿರುಗಿಸಿದ ಮೇಲೆ ಫ್ಯೂಸಿನ ಮೂಲಕ ಬರುವುದು. ರಿಲೇಯಲ್ಲಿ 30 ಅಂತ ಬರೆದಿರುವ ಕಾಲಿಗೆ ಕಂದು ಬಣ್ಣದ ಕಡೆಯಿಂದ ಪ್ರತ್ಯೇಕ ಫ್ಯೂಸ್ ಹಾಕಿ ಕರೆಂಟ್ ಕೊಡಿ. 87ರಿಂದ ಫ್ಯಾನಿಗೆ. 86ಕ್ಕೆ ಹಸಿರು, 85ರಿಂದ ಥರ್ಮೋ ಸ್ವಿಚ್ ಮೂಲಕ ಕಾರಿನ ಲೋಹದ ಮೈಗೆ. ಫ್ಯಾನಿನ ದಾರಿಗೆ 2 ಚದರ ಮಿಲಿಮೀಟರಿನ ವೈರು, 20 ಆಂಪಿಯರ್ ಫ್ಯೂಸು ಸಾಕು. ಥರ್ಮೋ ಸ್ವಿಚ್ಚಿಗೆ ಸಮಾನಾಂತರವಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕೈ ಸ್ವಿಚ್ಚನ್ನೂ ಇಡಿ. ಥರ್ಮೋ ಸ್ವಿಚ್ ಕೈಕೊಟ್ಟ ದಿನ ಅದು ನಿಮ್ಮನ್ನು ಮನೆ ಮುಟ್ಟಿಸುತ್ತದೆ. ಫ್ಯಾನಿಗೆ ಕರೆಂಟ್ ಹೋಗುವಾಗ ಉರಿಯುವ ಸಣ್ಣ ದೀಪವೂ ಇದ್ದರೆ ನನ್ನಂಥವರ ಮನಸ್ಸಿಗೆ ನೆಮ್ಮದಿ.

ಒಂದು ನಿಜವಾದ ಮಿತಿ ಇದೆ. ನಿಮ್ಮದು ಡೈನಮೋ ಕಾರು, ಅಂದರೆ ಬ್ಯಾಟರಿ ತುಂಬುವುದು ಹಳೇ ಬಗೆಯ ಜನರೇಟರ್. ಆ ಲ್ಯೂಕಸ್ ಸಿ40 ಡೈನಮೋ ಪೂರ್ತಿ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗ) ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ, ಇಗ್ನಿಷನ್ ದೀಪ ಮಿನುಗುವುದು ಅದಕ್ಕೇ. ಫ್ಯಾನ್ ಬೇಕಾಗುವುದೂ ಅದೇ ಹೊತ್ತಿನಲ್ಲಿ ಅಲ್ವಾ? ಅಂದರೆ ಟ್ರಾಫಿಕ್‌ನಲ್ಲಿ ಫ್ಯಾನ್ ತಿರುಗುವುದು ಬ್ಯಾಟರಿಯ ದುಡ್ಡಿನಲ್ಲಿ. ಹಗಲಲ್ಲಿ ಅರ್ಧ ಗಂಟೆ ನಿಂತರೆ ಚಿಂತೆಯಿಲ್ಲ. ಹೊರಟ ಮೇಲೆ ಫ್ಯಾನ್ ನಿಲ್ಲುತ್ತದೆ, ಡೈನಮೋ ತುಂಬಿಕೊಡುತ್ತದೆ. ರಾತ್ರಿ, ಹೆಡ್‌ಲೈಟ್, ವೈಪರ್, ಹೀಟರ್ ಎಲ್ಲ ಸೇರಿ 20 ಆಂಪಿಯರ್ ದಾಟಿ ಒಂದು ಗಂಟೆ ನಿಂತರೆ ಬ್ಯಾಟರಿ ಸೊರಗುತ್ತದೆ. ಅಂಥ ಓಡಾಟ ಜಾಸ್ತಿ ಇದ್ದರೆ ಡೈನಮೋ ಬದಲು, ನಿಧಾನ ವೇಗದಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸುವ ಯೋಚನೆ ಮಾಡಿ. ಭಾನುವಾರದ ಬಿಸಿಲಿಗಷ್ಟೇ ಕಾರು ತೆಗೆಯುವುದಾದರೆ ಡೈನಮೋ ಇರಲಿ.

ಎಲ್ಲ ಮುಗಿದ ಮೇಲೆ ಮನೆ ಮುಂದೆಯೇ ಪರೀಕ್ಷೆ ಮಾಡಿ. ಹೋಸ್ ಬಿಚ್ಚಿದಾಗ ಸೇರಿದ ಗಾಳಿ ಹೋಗಲು ಹೀಟರ್ ನಲ್ಲಿಯನ್ನು ತೆರೆದಿಡಿ, ನೀರು ಮಟ್ಟಕ್ಕೆ ತುಂಬಿಸಿ, ಎಂಜಿನ್ ಐಡಲ್‌ನಲ್ಲಿ ಬಿಡಿ. ಸೂಜಿ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಾಯಿರಿ. ಫ್ಯಾನ್ ಶುರುವಾದ ಕ್ಷಣ ಸೂಜಿ ಎಲ್ಲಿತ್ತು, ನಿಂತಾಗ ಎಲ್ಲಿತ್ತು ಅಂತ ಬರೆದಿಟ್ಟುಕೊಳ್ಳಿ. ಮೂರು ಸಲ ಹಾಗೇ ಶುರುವಾಗಿ ನಿಲ್ಲಲಿ. ಸೂಜಿ ಕೊನೆ ಮುಟ್ಟುವಂತೆ ಕಂಡರೂ ಫ್ಯಾನ್ ಬರದಿದ್ದರೆ ಕೈ ಸ್ವಿಚ್ ಒತ್ತಿ. ಆಗ ತಿರುಗಿದರೆ ತೊಂದರೆ ಥರ್ಮೋ ಸ್ವಿಚ್ಚಿನ ಕಡೆ, ತಿರುಗದಿದ್ದರೆ ಎಂಜಿನ್ ಆಫ್ ಮಾಡಿ ರಿಲೇಯಿಂದ ಹುಡುಕುತ್ತಾ ಬನ್ನಿ.