ಹುಡ್ ಇದೆ, ಆದರೆ ಉಲ್ಟಾ ಇದೆ

ನನ್ನ ಹತ್ತಿರ ಮದುವೆ ಫೋಟೊಗ್ರಫಿ ಕಲಿಯುತ್ತಿರುವ ಹುಡುಗ ಮೊನ್ನೆ ಧಾರೆಯ ಫೋಟೊಗಳನ್ನು ತಂದು ತೋರಿಸಿದ. ಫೋಕಸ್ ಸರಿಯಿತ್ತು, ಎಕ್ಸ್‌ಪೋಶರ್ ಸರಿಯಿತ್ತು. ಆದರೂ ಮದುಮಗಳ ಕಪ್ಪು ಕೂದಲು ಬೂದಿ ಬಳಿದ ಹಾಗಿತ್ತು. ಸೀರೆಯ ಕೆಂಪು ಪೂರ್ತಿ ಮಂಕಾಗಿತ್ತು. ‘ಲೆನ್ಸ್ ಹಾಳಾಗಿದೆಯಾ ಸರ್?’ ಅಂದ. ಲೆನ್ಸ್ ತೆಗೆದು ನೋಡಿದೆ. ಹುಡ್ (ಅಡ್ಡ ಬೆಳಕು ತಡೆಯಲು ಲೆನ್ಸಿನ ಬಾಯಿಗೆ ಹಾಕುವ ಗಿಡ್ಡ ಕೊಳವೆ) ಅದರ ಮೇಲೇ ಇತ್ತು, ಆದರೆ ಬ್ಯಾಗಿಗೆ ಹಾಕುವಾಗ ತಿರುಗಿಸುತ್ತೇವಲ್ಲ, ಹಾಗೆ ಉಲ್ಟಾ. ವೀಡಿಯೊದವರ ಎಲ್‌ಇಡಿ ಲೈಟು ಪಕ್ಕದಿಂದ ನೇರ ಗಾಜಿಗೆ ಬಿದ್ದಿತ್ತು.

ಫ್ರೇಮಿನಲ್ಲಿ ಕಾಣದ ಲೈಟು ಕೂಡ ಗಾಜಿಗೆ ಬಿದ್ದರೆ ಒಳಗೆಲ್ಲ ಚಿಮ್ಮಿ, ಫೋಟೊ ಪೂರ್ತಿ ತೆಳುವಾಗಿ ಹರಡಿಕೊಳ್ಳುತ್ತದೆ. ಜೂಮ್ ಲೆನ್ಸಿನಲ್ಲಿ ಸಾಮಾನ್ಯವಾಗಿ ಗಾಜುಗಳು ಜಾಸ್ತಿ. ಬೆಳಕು ಚಿಮ್ಮುವ ಜಾಗಗಳೂ ಜಾಸ್ತಿ.

ಜೂಮ್‌ಗೆ ಇನ್ನೊಂದು ಕಷ್ಟವಿದೆ. 24ರಿಂದ 105 ಎಂಎಂವರೆಗೆ ಜೂಮ್ ಆಗುವ 24–105 ಲೆನ್ಸನ್ನೇ ತೆಗೆದುಕೊಳ್ಳಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 24 ಎಂಎಂಗೆ ಅದು ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತದೆ, 105ಕ್ಕೆ ಬರೀ 23 ಡಿಗ್ರಿ. ಹುಡ್ ಮಾಡುವವರು 84 ಡಿಗ್ರಿಯಲ್ಲಿ ಮೂಲೆ ಕಪ್ಪಾಗದಂತೆ ನೋಡಿಕೊಳ್ಳಬೇಕು. ಅದಕ್ಕೇ ಹುಡ್ ಗಿಡ್ಡ. 105ಕ್ಕೆ ಜೂಮ್ ಮಾಡಿದಾಗ ಅದು ಸಾಲುವುದೇ ಇಲ್ಲ. 2002ರ ಕ್ಯಾನನ್ 24–70 ಎಫ್/2.8 ಲೆನ್ಸಿನಲ್ಲಿ ಇದಕ್ಕೆ ಒಳ್ಳೆಯ ಉಪಾಯ ಮಾಡಿದ್ದರು. 24ರಲ್ಲಿ ಮೂತಿ ಮುಂದೆ ಬರುತ್ತದೆ, 70ಕ್ಕೆ ಹೋದಂತೆ ಒಳಗೆ ಸರಿಯುತ್ತದೆ. ಹುಡ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಟೆಲಿಯಲ್ಲಿ, ಅಂದರೆ ದೂರದ್ದನ್ನು ಹತ್ತಿರ ಎಳೆಯುವ ತುದಿಯಲ್ಲಿ, ಗಾಜು ಹುಡ್‌ನ ಆಳದಲ್ಲಿ ಕೂರುತ್ತದೆ. ಎಷ್ಟು ಚೆಂದದ ಯೋಚನೆ, ಅಲ್ವಾ? ನಮ್ಮ ನಿಮ್ಮ ಲೆನ್ಸಿನಲ್ಲಿ ಅದಿಲ್ಲದಿದ್ದರೆ, ಟೆಲಿಯಲ್ಲಿ ಎಡಗೈಯನ್ನೋ ಒಂದು ಕಪ್ಪು ರಟ್ಟನ್ನೋ ಹುಡ್‌ನಿಂದ ಸ್ವಲ್ಪ ಮುಂದೆ ಅಡ್ಡ ಹಿಡಿಯಿರಿ. ಗಾಜಿನ ಮೇಲೆ ನೆರಳು ಬಿತ್ತಾ ನೋಡಿ, ಸಾಕು. ಸೂರ್ಯ ಫ್ರೇಮಿನ ಒಳಗೇ ಇದ್ದರೆ ಯಾವ ಹುಡ್ ಕೂಡ ಕಾಪಾಡುವುದಿಲ್ಲ.

ಕೊಳ್ಳುವಾಗ ಲೆನ್ಸಿಗೆ ಹೇಳಿದ ಮಾಡೆಲ್ ನಂಬರನ್ನೇ ಕೇಳಿ. ಫಿಲ್ಟರ್ ಸೈಜ್ ಒಂದೇ ಅಂತ ಯಾವುದೋ ಹುಡ್ ತರಬೇಡಿ. ಫೋಕಸ್ ಮಾಡುವಾಗ ಮೂತಿ ತಿರುಗುವ ಹಳೆಯ ಕಿಟ್ ಲೆನ್ಸಿಗೆ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ದಳದ ಹುಡ್, ಅಂದರೆ ಅಂಚು ಹೂವಿನ ದಳದ ಹಾಗಿರುವುದು, ಬೇಡವೇ ಬೇಡ, ದಳವೂ ಜೊತೆಗೆ ತಿರುಗಿ ಫೋಟೊದಲ್ಲಿ ಬರುತ್ತದೆ. ಅದಕ್ಕೆ ದುಂಡಗಿನದೇ ಸರಿ. ಬೇರೆ ಕಂಪನಿಯ ಅಗ್ಗದ ಹುಡ್ ತಂದರೆ ತಪ್ಪಿಲ್ಲ, ಆದರೆ ಒಳಗಡೆ ಹೊಳಪಿರಬಾರದು. ತಂದ ದಿನವೇ ಫೋಕಸ್ ದೂರಕ್ಕಿಟ್ಟು, ಎಫ್/16ರಲ್ಲಿ (ಲೆನ್ಸಿನ ಕಿಂಡಿ ಚಿಕ್ಕದು ಮಾಡಿ), ಪೂರ್ತಿ ವೈಡ್‌ನಲ್ಲಿ ಖಾಲಿ ಆಕಾಶದ ಒಂದು ಫೋಟೊ ತೆಗೆಯಿರಿ. ಮೂಲೆಯಲ್ಲಿ ಕತ್ತರಿಸಿದ ಹಾಗೆ ಕಪ್ಪು ಕಂಡರೆ ಹುಡ್ ವಾಪಸ್ ಕೊಟ್ಟುಬಿಡಿ.

ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶ್ ಹಾಕುವಾಗ ಮಾತ್ರ ಹುಡ್ ತೆಗೆಯಿರಿ. ಇಲ್ಲದಿದ್ದರೆ ಫೋಟೊದ ಕೆಳಗೆ ಅರ್ಧ ಚಂದ್ರನ ಹಾಗೆ ನೆರಳು ಕೂರುತ್ತದೆ. ಮಿಕ್ಕ ಹೊತ್ತೆಲ್ಲ, ಮೋಡ ಕವಿದಿದ್ದರೂ, ಛತ್ರದ ಒಳಗಿದ್ದರೂ, ಹುಡ್ ಲೆನ್ಸಿನ ಮೇಲೆ ಸರಿಯಾಗಿಯೇ ಇರಲಿ.