ವಾಯ್ಸ್ ರೆಸ್ಟ್: ದನಿಗೆ ಸೂಟಿ ಕೊಡುವುದು ಅಂದರೆ

ದನಿಯ ಆಪರೇಷನ್ ಆದ ಮೇಲೆ ಕೊಟ್ಟ ಡಿಸ್ಚಾರ್ಜ್ ಚೀಟಿಯ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಆಬ್ಸಲ್ಯೂಟ್ ವಾಯ್ಸ್ ರೆಸ್ಟ್, ಹತ್ತು ದಿನ. ಹೈದರಾಬಾದಿನಿಂದ ಕಲಬುರಗಿಗೆ ಬರುವ ರೈಲಿನಲ್ಲಿ ಅವ್ವ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಏನ್ ಬರ್ದಾರ ಇದ್ರಾಗ?" ಅಂದಳು. ನಾನು ಬಾಯಿ ಬಿಡುವ ಹಾಗಿಲ್ಲ. ಚೀಲದಿಂದ ಪಾಟಿ ತೆಗೆದು "ಮೌನ" ಅಂತ ಬರೆದು ತೋರಿಸಿದೆ.

"ಮೌನ ಹಿಡೀಬೇಕಾ? ಶ್ರಾವಣಕ್ಕ ಇನ್ನ ಮೂರ್ ತಿಂಗ್ಳ ಅದ ಅಲ್ಲ!"

ನಗು ಬಂತು. ನಗುವ ಹಾಗೂ ಇರಲಿಲ್ಲ. ಸೇಡಂ ದಾಟುವ ತನಕ ತುಟಿ ಕಚ್ಚಿಕೊಂಡು ಕಿಟಕಿ ಕಡೆ ನೋಡುತ್ತಾ ಕೂತೆ.

ಅವ್ವನ ತಪ್ಪೇನಿಲ್ಲ. ನಮ್ಮ ಕಡೆ ಮೌನ ಅಂದರೆ ಶ್ರಾವಣದಲ್ಲಿ ಮಠದಲ್ಲಿ ನಡೆಯುವ ಮೌನ ಅನುಷ್ಠಾನವೇ ನೆನಪಿಗೆ ಬರುವುದು. ಸ್ವಾಮಿಗಳು ಅಷ್ಟು ದಿನ ಮಾತು ಬಿಡುತ್ತಾರೆ. ಆದರೆ ಕೆಮ್ಮು ಬಂದರೆ ಕೆಮ್ಮುತ್ತಾರೆ, ಭಕ್ತರು ಏನಾದರೂ ಕೇಳಿದರೆ "ಹ್ಞೂಂ" ಅನ್ನಬಹುದು. ಅಲ್ಲಿ ಬಿಟ್ಟಿರುವುದು ಮಾತನ್ನು. ವಾಯ್ಸ್ ರೆಸ್ಟ್‌ನಲ್ಲಿ ಬಿಡಬೇಕಾದ್ದು ದನಿಯನ್ನು. "ಹ್ಞೂಂ" ಕೂಡ ದನಿಯೇ. ಈ ಪದದ ಅರ್ಥ ಪೂರಾ ಇರುವುದು ಈ ಸಣ್ಣ ಫರಕಿನಲ್ಲಿ. ಇದು ತಲೆಗೆ ಹೋದರೆ ಆಪರೇಷನ್ ಆದ ಮೊದಲ ವಾರಗಳ ಮುಕ್ಕಾಲು ಪಾಲು ಹೆದರಿಕೆ ತಾನೇ ಕಮ್ಮಿ ಆಗುತ್ತದೆ.

ನಾನು ಟ್ರಾನ್ಸ್ ಹೆಣ್ಣುಮಗಳು. ಮಾಡಿಸಿಕೊಂಡದ್ದು ದನಿಯನ್ನು ಹೆಣ್ಣುದನಿಯ ಕಡೆಗೆ ಏರಿಸುವ ಆಪರೇಷನ್. ಹಾರ್ಮೋನ್ ತಗೊಂಡರೆ ದನಿಯೂ ಬದಲಾಗುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಇಲ್ಲ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಒಮ್ಮೆ ಧ್ವನಿ ತಂತುಗಳನ್ನು ದಪ್ಪ ಮಾಡಿ ಉದ್ದ ಮಾಡಿತು ಅಂದರೆ ಮುಗಿಯಿತು, ಈಸ್ಟ್ರೋಜನ್ ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಹಾಗಾಗಿ ಸೀರೆ, ಜಡೆ, ಕಾಗದಪತ್ರದ ಹೆಸರು ಎಲ್ಲ ಬದಲಾದ ಮೇಲೂ ಗ್ಯಾಸ್ ಬುಕ್ ಮಾಡಲು ಫೋನ್ ಹಚ್ಚಿದರೆ "ಹೇಳ್ರಿ ಸರ್" ಅನ್ನುತ್ತಿದ್ದರು. ಫೋನಿಗೆ ಮುಖ ಕಾಣುವುದಿಲ್ಲ ಅಲ್ವಾ.

ಗಂಟಲಮಣಿಯ ಹಿಂದೆ, ಧ್ವನಿಪೆಟ್ಟಿಗೆಯೊಳಗೆ ಎರಡು ತಂತುಗಳಿವೆ. ತಂತು ಅಂದರೂ ಅವು ದಾರವಲ್ಲ, ಒದ್ದೆ ಮಾಂಸದ ಎರಡು ಮಡಿಕೆ. ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸು, ಗಂಡಸರಲ್ಲಿ ಎರಡು ಸೆಂಟಿಮೀಟರ್ ಆಸುಪಾಸು ಉದ್ದ. ಉಸಿರಾಡುವಾಗ ಇವು ಬಾಗಿಲಿನ ಎರಡು ಕದದ ಹಾಗೆ ತೆರೆದಿರುತ್ತವೆ. ಮಾತಾಡುವಾಗ ಹತ್ತಿರ ಬಂದು ಒಂದಕ್ಕೊಂದು ಬಡಿಯುತ್ತವೆ. ಗಂಡುದನಿಯಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಣ್ಣುದನಿಯಲ್ಲಿ ಸುಮಾರು 180ರಿಂದ 220 ಸಲ. ಸೆಕೆಂಡಿಗೆ 200 ಅಂತ ಹಿಡಿದರೂ ಒಂದು ನಿಮಿಷ ದನಿ ಎಳೆದರೆ 12,000 ಏಟು.

ನಮ್ಮ ಕಡೆ ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ನೋಡಿರುತ್ತೀರಿ. ಅದರ ತಂತಿಯನ್ನು ಒಂದು ಕಡೆ ಬೆರಳಿನಿಂದ ಒತ್ತಿ ಹಿಡಿದು ಮೀಟಿ. ಕಂಪಿಸುವ ಭಾಗ ಗಿಡ್ಡ ಆಗಿ ಸ್ವರ ಮೇಲೆ ಹೋಗುತ್ತದೆ. ನನಗೆ ಆದ ಆಪರೇಷನ್, ಅದರ ಹೆಸರು ಗ್ಲಾಟೋಪ್ಲಾಸ್ಟಿ, ಮಾಡುವುದೂ ಇದನ್ನೇ. ತಂತುಗಳ ಮುಂದಿನ ಭಾಗದ ಮೇಲ್ಪದರ ಕೆರೆದು, ಎರಡನ್ನೂ ಕೂಡಿಸಿ ಹೊಲಿಗೆ ಹಾಕುತ್ತಾರೆ. ಅದು ಬೆಸೆದುಕೊಂಡರೆ ಉಳಿದ ಹಿಂದಿನ ಭಾಗ ಮಾತ್ರ ಕಂಪಿಸುತ್ತದೆ. ಬೆರಳು ಕಾಯಮ್ಮಾಗಿ ತಂತಿಯ ಮೇಲೆ ಕೂತ ಹಾಗೆ. ಇದನ್ನು ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ಯುರ್ಗೆನ್ ವೆಂಡ್ಲರ್, 1980ರ ದಶಕದ ಕೊನೆಯ ಹೊತ್ತಿಗೆ. ಬಾಯಿಯ ಒಳಗಿನಿಂದಲೇ ಮಾಡುತ್ತಾರೆ, ಕುತ್ತಿಗೆ ಮೇಲೆ ಗಾಯದ ಗುರುತು ಇರುವುದಿಲ್ಲ. ಇನ್ನೊಂದು ಹಳೆಯ ವಿಧಾನವೂ ಇದೆ. ಜಪಾನಿನ ಇಶಿಕಿ ಎಂಬ ವೈದ್ಯರು 1974ರಲ್ಲಿ ಹೇಳಿದ್ದು. ಅದರಲ್ಲಿ ಕುತ್ತಿಗೆ ಕೊಯ್ದು, ಧ್ವನಿಪೆಟ್ಟಿಗೆಯ ಮೃದು ಎಲುಬುಗಳನ್ನು ಹತ್ತಿರ ಎಳೆದು ಕಟ್ಟಿ, ತಂತುಗಳನ್ನು ಬಿಗಿ ಮಾಡುತ್ತಾರೆ. ಏಕತಾರಿಯ ಕಿವಿ ತಿರುವಿದ ಹಾಗೆ. ಕಾಲ ಕಳೆದಂತೆ ಆ ಬಿಗಿ ಸಡಿಲ ಬೀಳುವುದುಂಟು.

ಈಗ ಹೊಲಿಗೆಯ ಕಡೆಗೆ ಬರೋಣ. ಕೈಗೆ ಹೊಲಿಗೆ ಬಿದ್ದರೆ ಕೈಯನ್ನು ಜೋಳಿಗೆಯಲ್ಲಿ ಇಟ್ಟು ಕೂಡಬಹುದು. ಇಲ್ಲಿ ಹೊಲಿಗೆ ಬಿದ್ದಿರುವುದು ನಿಮಿಷಕ್ಕೆ 12,000 ಏಟು ತಿನ್ನುವ ಜಾಗದಲ್ಲಿ. ಹಸಿ ಗಾಯ ಕೂಡಿಕೊಳ್ಳುವ ತನಕ ಆ ಏಟು ಬೀಳಬಾರದು. ವಾಯ್ಸ್ ರೆಸ್ಟ್ ಅಂದರೆ ಇಷ್ಟೇ. ಕದಗಳು ಬಡಿದುಕೊಳ್ಳಬಾರದು.

ಯಾವುದು ಮಾಡಬಹುದು, ಯಾವುದು ಮಾಡಬಾರದು ಅಂತ ನಾನು ಮೊದಲೆರಡು ದಿನ ಪಟ್ಟಿ ಬಾಯಿಪಾಠ ಮಾಡುತ್ತಿದ್ದೆ. ಆಮೇಲೆ ಪಟ್ಟಿ ಬಿಟ್ಟೆ. ಏನೇ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡೆ: ಇದರಿಂದ ಕದ ಬಡಿಯುತ್ತದಾ? ಮಾತು, ಗುನುಗು, "ಹ್ಞೂಂ", ನಗು, ಬಿಕ್ಕಿ ಅಳುವುದು, ಇವೆಲ್ಲ ಬಡಿತವೇ. ಗಂಟಲು ಕ್ಯಾಕರಿಸುವುದಂತೂ ಬಾಗಿಲನ್ನು ಧಡ್ ಅಂತ ಹಾಕಿದ ಹಾಗೆ. ತುಂಬಿದ ಕೊಡ ಎತ್ತುವುದು ಯಾಕೆ ಬೇಡ ಅಂದರೆ, ಭಾರ ಎತ್ತುವಾಗ ಉಸಿರು ಹಿಡಿಯುತ್ತೇವೆ, ಆಗ ಕದಗಳು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಮಲಬದ್ಧತೆಯಾಗಿ ತಿಣುಕಿದರೂ ಅದೇ ಕಥೆ. ಗಂಟಲ ಆಪರೇಷನ್‌ಗೆ ಹೊಟ್ಟೆ ಸಡಿಲ ಮಾಡುವ ಔಷಧ ಯಾಕೆ ಬರೆದರು ಅಂತ ಅವ್ವ ಮೆಡಿಕಲ್ ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದಳು. ಕಾರಣ ಇದು.

ಪಿಸುಮಾತಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಗುಸುಗುಸು ಅಂದರೆ ತಂತು ಕಂಪಿಸುವುದಿಲ್ಲವಲ್ಲ ಅಂತ. ಖರೆ. ಆದರೆ ಬಹಳ ಜನ ಪಿಸುಗುಡುವಾಗ ಗಂಟಲನ್ನೆಲ್ಲ ಹಿಂಡಿ ಹಿಡಿಯುತ್ತಾರೆ, ಒತ್ತಡ ಹೊಲಿಗೆಯ ಮೇಲೇ ಬೀಳುತ್ತದೆ. ಅದಕ್ಕೇ ಡಾಕ್ಟರು ಬೇಡ ಅನ್ನುತ್ತಾರೆ. ಪಾಟಿ ಇದೆ, ಫೋನ್ ಇದೆ, ಬರೆದು ತೋರಿಸಿದರಾಯಿತು.

ನುಂಗುವುದು? ನುಂಗುವಾಗಲೂ ಕದ ಮುಚ್ಚುತ್ತದೆ, ಅನ್ನ ಶ್ವಾಸನಾಳಕ್ಕೆ ಇಳಿಯಬಾರದು ಅಂತ. ಆದರೆ ಅದು ಮೆಲ್ಲಗೆ ಮುಚ್ಚಿ ತೆರೆಯುವುದು, ಕಂಪನವಿಲ್ಲ. ಹೆದರಿ ಊಟ ಬಿಡಬೇಡಿ. ಕಡಕ್ ರೊಟ್ಟಿ ಮಾತ್ರ ಆ ವಾರ ನನಗೆ ಆಗಲಿಲ್ಲ. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ, ಜೋಳದ ನುಚ್ಚು ಮಾಡಿ ಕೊಟ್ಟಳು ಅವ್ವ. ಖಾರಕ್ಕಿಂತ ಕಾಡಿದ್ದು ಖಾರದ ಘಾಟು. ಮೂರನೆಯ ದಿನ ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರು. ಇಡೀ ಓಣಿ ಕೆಮ್ಮಿತು. ನಾನು ಒದ್ದೆ ಟವೆಲ್ ಮೂಗಿಗೆ ಹಿಡಿದು ಒಳಕೋಣೆಗೆ ಓಡಿದೆ. ಕೆಮ್ಮು ಬಂದೇಬಿಟ್ಟರೆ ಒಂದು ಉಪಾಯವಿದೆ, ಸ್ಪೀಚ್ ಥೆರಪಿಸ್ಟ್ ಮೊದಲೇ ಕಲಿಸಿದ್ದರು. ದನಿ ಸೇರಿಸದೆ, ಬಾಯಿ ತೆರೆದು "ಹಾ" ಅಂತ ಬರೀ ಗಾಳಿ ಹೊರಹಾಕುವುದು. ಕನ್ನಡಿಗೆ ಉಸಿರು ಬಿಟ್ಟು ಒರೆಸುತ್ತೇವಲ್ಲ, ಹಾಗೆ. ಆಮೇಲೆ ಒಂದು ಗುಟುಕು ನೀರು. ಸೀನು ಬಂದರೂ ಬಾಯಿ ತೆರೆದೇ ಬಿಡಬೇಕು, "ಹಾಕ್ಷೀ" ಅನ್ನುವ ಸಂಗೀತ ಬೇಡ.

ಆದರೂ ಐದನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ಸರಿಯಾಗಿ ದನಿ ಸಮೇತ ಸೀನಿದೆ. ಎದ್ದು ಕೂತೆ. ಹೊಲಿಗೆ ಹರಿಯಿತು, ದುಡ್ಡೆಲ್ಲ ನೀರುಪಾಲು ಅಂತ ಬೆಳಗಿನ ತನಕ ಕಣ್ಣೀರು. ಅದೂ ಸದ್ದಿಲ್ಲದೆ ಅಳಬೇಕು, ಎಂಥ ಶಿಕ್ಷೆ ನೋಡಿ. ಬೆಳಿಗ್ಗೆ ಡಾಕ್ಟರಿಗೆ ಮೆಸೇಜ್ ಹಾಕಿದರೆ, ಒಂದು ಸೀನಿಗೆ, ಬಾಯಿ ತಪ್ಪಿ ಬಂದ ಒಂದು ಮಾತಿಗೆ ಹೊಲಿಗೆ ಹರಿಯುವುದು ಅಪರೂಪ, ಅಷ್ಟು ತಡೆಯುವಂತೆಯೇ ಹಾಕಿರುತ್ತೇವೆ ಅಂದರು. ಕೆಮ್ಮು ಬಿಡದೆ ಬರುತ್ತಿದ್ದರೆ ಮಾತ್ರ ತಕ್ಷಣ ಹೇಳಬೇಕಂತೆ.

ಇನ್ನು ನಾಲಿಗೆ. ಎಚ್ಚರವಾದಾಗ ನಾಲಿಗೆಯ ಒಂದು ಪಕ್ಕ ಜೋಮು ಹಿಡಿದಿತ್ತು, ಚಹಾ ರುಚಿ ತಗಡಿನಂತೆ. ಆಪರೇಷನ್ ಹೊತ್ತಿಗೆ ಬಾಯೊಳಗೆ ಸ್ಟೀಲಿನ ಕೊಳವೆ ಇಟ್ಟು ನಾಲಿಗೆಯನ್ನು ಒತ್ತಿ ಹಿಡಿದಿರುತ್ತಾರೆ, ಅದರದ್ದೇ ಪರಿಣಾಮ. ಸಾಮಾನ್ಯವಾಗಿ ಕೆಲವು ವಾರದಲ್ಲಿ ಹೋಗುತ್ತದೆ. ನನ್ನದು ಮೂರು ವಾರ ತಗೊಂಡಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುವುದೂ ಊತದ್ದು, ಹೊಲಿಗೆಯದ್ದು. ಕ್ಯಾಕರಿಸಿ ತೆಗೆಯಲು ಹೋದರೆ ಬರುವುದಿಲ್ಲ, ಕೆಡುತ್ತದೆ ಅಷ್ಟೇ.

ನಮ್ಮ ಬೇಸಿಗೆ ಗೊತ್ತಲ್ಲ, 42 ಡಿಗ್ರಿ ಅಂದರೆ ನಮಗೆ ಸುದ್ದಿಯೇ ಅಲ್ಲ. ಒಣಗಿದ ತಂತು ಬೇಗ ಗಾಸಿಯಾಗುತ್ತದೆ. ದಿನಪೂರ್ತಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದೆ. ಎಸಿಗಿಂತ ಕೂಲರ್ ವಾಸಿ ಅನಿಸಿತು, ಅದರ ಗಾಳಿಯಲ್ಲಿ ತೇವ ಇರುತ್ತದೆ. ಒಳಗಿನ ಹುಲ್ಲಿನ ಧೂಳು ಮಾತ್ರ ಮೊದಲೇ ತೊಳೆದಿರಬೇಕು. ರಾತ್ರಿ ಊಟ ಬೇಗ ಮುಗಿಸಿ, ತಲೆದಿಂಬು ಎತ್ತರ ಮಾಡಿ ಮಲಗುವುದು ಯಾಕೆ ಅಂದರೆ ಹೊಟ್ಟೆಯ ಹುಳಿ ಮೇಲೆ ಬಂದು ಹಸಿ ಗಾಯ ಸುಡಬಾರದು ಅಂತ. ಅದಕ್ಕೆ ಗುಳಿಗೆಯನ್ನೂ ಕೊಡುತ್ತಾರೆ. ಬೀಡಿ, ಸಿಗರೇಟು, ಗುಟ್ಕಾ ಬಗ್ಗೆ ಬೇರೆ ಹೇಳಬೇಕಿಲ್ಲ.

ಜನರಿಗೆ ಏನು ಹೇಳಬೇಕು ಅನ್ನುವುದು ಇನ್ನೊಂದು ತಲೆನೋವು. ಪಾಟಿಯ ಹಿಂಬದಿಗೆ ಕಾಗದ ಅಂಟಿಸಿ "ಗಂಟಲು ಆಪರೇಷನ್ ಆಗಿದೆ, ಮಾತಾಡುವ ಹಾಗಿಲ್ಲ" ಅಂತ ಬರೆದಿಟ್ಟಿದ್ದೆ. ಸುಳ್ಳೂ ಅಲ್ಲ, ಪೂರಾ ಪುರಾಣವೂ ಅಲ್ಲ. ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆಯಲ್ಲಿ ಪುಂಡಿಪಲ್ಯ ಮಾರುವ ಮುದುಕಿಗೆ ಓದು ಬಾರದು. ನಾನು ಬೆರಳಲ್ಲಿ ಚೌಕಾಶಿ ಮಾಡುವುದನ್ನು ನೋಡಿ "ಪಾಪ, ಮೂಕಿ ಅದಾಳ" ಅಂತ ಒಂದು ಕಟ್ಟು ಜಾಸ್ತಿ ಹಾಕಿದಳು. ಆ ಒಂದು ಕಟ್ಟಿಗಿಂತ "ಅದಾಳ" ಅಂದದ್ದು ನನಗೆ ದೊಡ್ಡದಾಗಿತ್ತು. ದನಿ ಇಲ್ಲದ ಹತ್ತು ದಿನ ಊರಿನಲ್ಲಿ ಒಬ್ಬರೂ ನನ್ನನ್ನು ಗಂಡಸು ಅನ್ನಲಿಲ್ಲ.

ಸೂಟಿ ಎಷ್ಟು ದಿನ ಅನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬೇರೆ. ಕೆಲವರು ಒಂದು ವಾರ ಹೇಳುತ್ತಾರೆ, ಕೆಲವರು ಎರಡು. ಹೇಳಿದ್ದಕ್ಕಿಂತ ಜಾಸ್ತಿ ದಿನ ಸುಮ್ನೆ ಇದ್ದರೆ ಇನ್ನೂ ಗಟ್ಟಿ ಆಗುತ್ತದೆ ಅಂತ ನಾನೂ ಲೆಕ್ಕ ಹಾಕಿದ್ದೆ. ಅದು ತಪ್ಪು. ಗಾಯ ಕೂಡಿದ ಮೇಲೆ ತಂತುಗಳಿಗೆ ಸ್ವಲ್ಪ ಸ್ವಲ್ಪ ಕೆಲಸ ಬೇಕು. ಮೊದಲ ದಿನ ಐದು ನಿಮಿಷ, ಮರುದಿನ ಹತ್ತು, ಹೀಗೆ ಥೆರಪಿಸ್ಟ್ ಹೇಳಿದ ಲೆಕ್ಕದಲ್ಲಿ.

ಹನ್ನೊಂದನೆಯ ದಿನ "ಅವ್ವ" ಅಂದೆ. ಬಂದ ದನಿ ಕೇಳಿ ಇಬ್ಬರೂ ಗಾಬರಿ. ಒಡಕು, ಗಾಳಿಯೇ ಜಾಸ್ತಿ, ಮೊದಲಿಗಿಂತ ದಪ್ಪ! ಇದಕ್ಕಾ ಇಷ್ಟು ಪಾಡು ಪಟ್ಟದ್ದು ಅನಿಸಿತು. ಇದನ್ನು ಮೊದಲೇ ಯಾರಾದರೂ ಸರಿಯಾಗಿ ಹೇಳಿದ್ದರೆ ಆ ರಾತ್ರಿ ನಾನು ನಿದ್ದೆ ಮಾಡುತ್ತಿದ್ದೆ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತೇನೆ. ಏಕತಾರಿಯ ತಂತಿಗೆ ಒದ್ದೆ ಅರಳೆ ಸುತ್ತಿ ಮೀಟಿದರೆ ಏನು ಕೇಳುತ್ತದೆ? ತಂತಿ ಗಿಡ್ಡ ಆಗಿದೆ ನಿಜ, ಆದರೆ ಊತದಿಂದ ಭಾರವಾಗಿದೆ. ಭಾರದ ತಂತಿ ನಿಧಾನ ಕಂಪಿಸುತ್ತದೆ. ಊತ ಇಳಿದಂತೆ ದನಿ ಏರುತ್ತದೆ. ನನಗೆ ಆರನೆಯ ವಾರದಲ್ಲಿ ಸ್ವಲ್ಪ ಗೊತ್ತಾಯಿತು, ನಾಲ್ಕನೆಯ ತಿಂಗಳಿಗೆ ಚೆನ್ನಾಗಿ. ಪೂರ್ತಿ ಫಲ ಕಾಣಲು ಆರು ತಿಂಗಳಿಂದ ವರ್ಷದ ತನಕ ಹಿಡಿಯಬಹುದು. ಮೊದಲ ತಿಂಗಳಲ್ಲಿ ದನಿಯನ್ನು ರೆಕಾರ್ಡ್ ಮಾಡಿ ದಿನಾ ಹೋಲಿಸಬೇಡಿ. ನಾನು ಮಾಡಿದೆ, ಸುಖವಿಲ್ಲ.

ಎಲ್ಲರಿಗೂ ಬಯಸಿದಷ್ಟು ಏರುವುದೂ ಇಲ್ಲ. ಗಿಡ್ಡ ತಂತಿಯ ಸದ್ದು ಸಣ್ಣ. ಮೊದಲು ಮಾಳಿಗೆ ಮೇಲಿಂದ ಕೂಗಿದರೆ ಓಣಿಯ ಕೊನೆಗೆ ಕೇಳುತ್ತಿತ್ತು, ಈಗ ಅಂಗಳಕ್ಕೇ ಮುಟ್ಟುವುದಿಲ್ಲ. ಹಾಡುವವರು ಇದನ್ನು ಹತ್ತು ಸಲ ಯೋಚಿಸಬೇಕು. ಇನ್ನೊಂದು, ಹೆಣ್ಣುದನಿ ಅಂದರೆ ಬರೀ ಏರುದನಿಯಲ್ಲ. ಮಾತಿನ ಏರಿಳಿತ, ಬಾಯಲ್ಲಿ ದನಿ ಮೊಳಗುವ ಜಾಗ, ಇವೆಲ್ಲ ಥೆರಪಿಯಿಂದ ಬರುವಂಥವು. ಥೆರಪಿಯೊಂದರಲ್ಲೇ ತೃಪ್ತಿಯಾಗಿ ಆಪರೇಷನ್ ತನಕ ಹೋಗದವರು ನನ್ನ ಗೆಳತಿಯರಲ್ಲೇ ಇದ್ದಾರೆ.

ತಾಳ್ಮೆ ಬೇಡ, ಓಡಿ ಅನ್ನುವ ಲಕ್ಷಣಗಳೂ ಇವೆ. ಉಸಿರು ಎಳೆಯುವಾಗ ಸೀಟಿ ಹೊಡೆದ ಸದ್ದು, ಉಸಿರು ಸಾಲದಿರುವುದು, ಬಾಯಿಂದ ಹಸಿ ರಕ್ತ, ನೀರೂ ನುಂಗಲಾಗದಿರುವುದು, ಜೋರು ಜ್ವರ. ಇವುಗಳಲ್ಲಿ ಒಂದಾದರೂ ಆಪರೇಷನ್ ಮಾಡಿದ ಡಾಕ್ಟರ ಮೆಸೇಜಿಗೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು, 108ಕ್ಕೆ ಫೋನ್ ಮಾಡಬೇಕು. ಫೋನ್ ಮಾಡುವವರು ನೀವಲ್ಲ, ನಿಮಗೆ ಮಾತಾಡಲು ಆಗುವುದಿಲ್ಲ. ಆದ್ದರಿಂದ ಆ ಹತ್ತು ದಿನ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು.

ಒಂದು ಚೀಟಿ ಮಾತ್ರ ಸೂಟಿ ಮುಗಿದ ಮೇಲೂ ಬೇಕು. ಮುಂದೆ ಯಾವಾಗಲಾದರೂ, ಅಪೆಂಡಿಕ್ಸ್‌ಗೋ ಇನ್ನಾವುದಕ್ಕೋ, ಪೂರ್ತಿ ಅರಿವಳಿಕೆ ಕೊಡಬೇಕಾದರೆ ಗಂಟಲೊಳಗೆ ಟ್ಯೂಬ್ ಇಳಿಸುತ್ತಾರೆ. ನಮ್ಮ ಬಾಗಿಲು ಈಗ ಕಿರಿದು. ಮಾಮೂಲಿ ಟ್ಯೂಬ್ ತುರುಕಿದರೆ ಬೆಸೆದ ಜಾಗ ಹರಿಯಬಹುದು, ಸಣ್ಣ ಅಳತೆಯದ್ದು ಬೇಕು. ಅರಿವಳಿಕೆ ಡಾಕ್ಟರಿಗೆ ಇದನ್ನು ಮೊದಲೇ ತಿಳಿಸಬೇಕು. ನಾನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆಸಿ ಲ್ಯಾಮಿನೇಷನ್ ಮಾಡಿಸಿದೆ. ಒಂದು ನನ್ನ ಪರ್ಸಿನಲ್ಲಿದೆ. ಇನ್ನೊಂದನ್ನು ಅವ್ವ ರೇಷನ್ ಕಾರ್ಡಿನ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಅದರ ಮೇಲೆ ತನ್ನ ಗುರುತಿಗೆ ಪೆನ್ನಿನಲ್ಲಿ ಬರೆದುಕೊಂಡಿದ್ದಾಳೆ, "ಮೌನದ ಚೀಟಿ".